ಪೊಲೀಸರಿಗೆ ಭಾವನಾತ್ಮಕ ಬುದ್ಧಿವಂತಿಕೆಯ ತರಬೇತಿ: ಬೀದಿಯಲ್ಲಿ ಏನು ಬದಲಾಗಬೇಕು?

ಪ್ರಶ್ನೆ
ಭಾವನಾತ್ಮಕ ಬುದ್ಧಿವಂತಿಕೆ, ಅಂದರೆ ತನ್ನ ಮತ್ತು ಎದುರಿನವರ ಭಾವನೆ ಅರಿತು ನಡೆದುಕೊಳ್ಳುವ ಜಾಣ್ಮೆ, ಅದರ ಹೆಸರಲ್ಲಿ ಎರಡು ದಿನದ ಕಾರ್ಯಾಗಾರ, ಒಂದಷ್ಟು ಸ್ಲೈಡು, ಕೊನೆಗೆ ಪ್ರಮಾಣಪತ್ರ. "ಸಿಟ್ಟು ಮಾಡಿಕೊಳ್ಳಬೇಡಿ" ಅನ್ನುವುದರಾಚೆ ಇದರಲ್ಲಿ ಕಲಿಸುವಂಥದ್ದು ಏನಿದೆ? ಜನರ ನಂಬಿಕೆ ಹೆಚ್ಚಿತೋ ಇಲ್ಲವೋ ಅಂತ ಅಳೆಯುವುದು ಹೇಗೆ?

ಉತ್ತರ 1
ಸಿಟ್ಟಿಗಿಂತ ಮೊದಲು ಕೈಕೊಡುವುದು ಎದುರಿನವರ ಭಾವನೆಯನ್ನು ಗುರುತಿಸುವ ಕೆಲಸ. ಹೆದರಿ ತಡವರಿಸುವವನು ಸುಳ್ಳುಗಾರನಂತೆ ಕಾಣುತ್ತಾನೆ, ಆಘಾತಕ್ಕೆ ಮಾತು ನಿಂತವಳು ಸಹಕರಿಸದವಳಂತೆ. ಒಮ್ಮೆ ಹಾಗೆ ಅಂದುಕೊಂಡರೆ ದನಿ ಏರುತ್ತದೆ, ಅವರ ಭಯವೂ ಏರುತ್ತದೆ.

ವಾಹನ ತಡೆಯುವುದನ್ನೇ ತೆಗೆದುಕೊಳ್ಳಿ. ಮೊದಲು ಅಧಿಕಾರಿ ತಾನು ಯಾರು, ಯಾಕೆ ತಡೆದೆ ಎಂದು ಹೇಳಬೇಕು. ದಾಖಲೆ ಕೇಳುವುದು ಆಮೇಲೆ. ಅವರ ಮಾತು ಕೇಳಬೇಕಾದದ್ದು ತೀರ್ಮಾನಕ್ಕೆ ಮುಂಚೆ. ರಸೀದಿ ಹರಿದು ಕೊಟ್ಟ ಮೇಲೆ "ಏನಾದರೂ ಹೇಳುವುದಿದೆಯಾ?" ಅಂದರೆ ಅದು ಅಣಕ. ಕೊನೆಗೆ ತೀರ್ಮಾನಕ್ಕೆ ಕಾರಣ, ಒಪ್ಪದಿದ್ದರೆ ಎಲ್ಲಿ ಪ್ರಶ್ನಿಸಬಹುದು ಎಂಬುದು. "ಯಾಕೆ ನಿಲ್ಲಿಸಿದೆ ಗೊತ್ತಾ?" ಅಂತ ಶುರು ಮಾಡುವುದು ಬೇಡ, ಬಲೆ ಬೀಸಿದಂತೆ ಕೇಳಿಸುತ್ತದೆ.

ಉತ್ತರ 2
ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಚಾಲಕರು ಕುಡಿದಿದ್ದಾರೆಯೇ ಎಂದು ನೋಡುವ ತಪಾಸಣೆಯ ವೇಳೆ ಇದನ್ನೇ ಪ್ರಯೋಗ ಮಾಡಿ ನೋಡಿದರು. ಮಾಮೂಲಿ ತಪಾಸಣೆ ಸುಮಾರು 20 ಸೆಕೆಂಡಿನದು, ವಿವರಣೆ ಕೊಟ್ಟು ಅಭಿಪ್ರಾಯ ಕೇಳಿದಾಗ ಸುಮಾರು 97 ಸೆಕೆಂಡ್. ಪೊಲೀಸರ ಬಗೆಗಿನ ಅಭಿಪ್ರಾಯ ಸುಧಾರಿಸಿತು. ಅದೇ ಮಾದರಿಯನ್ನು ಸ್ಕಾಟ್ಲೆಂಡ್‌ನಲ್ಲಿ ರಸ್ತೆ ಗಸ್ತಿಗೆ ಅಳವಡಿಸಿದಾಗ ಫಲಿತಾಂಶ ಉಲ್ಟಾ ಹೊಡೆಯಿತು. ಬದಲಾವಣೆಯನ್ನು ಸಿಬ್ಬಂದಿಗೆ ಸರಿಯಾಗಿ ವಿವರಿಸದೆ ಮೇಲಿನಿಂದ ಹೇರಿದ್ದು ಒಂದು ಕಾರಣ ಎಂದು ಸಂಶೋಧಕರು ಗುರುತಿಸಿದರು. ಮೇಲಧಿಕಾರಿಯಿಂದ ದಿನವೂ ಬೈಸಿಕೊಳ್ಳುವ ಪೇದೆಯ ಕೈಗೆ ಸೌಜನ್ಯದಿಂದ ಏನು ಮಾತಾಡಬೇಕೆಂದು ಬರೆದ ಚೀಟಿ ಕೊಟ್ಟರೆ ಅವನು ಅದನ್ನು ಓದಿ ಮುಗಿಸುತ್ತಾನೆ, ಅಷ್ಟೇ.

ಪ್ರಶ್ನೆ ಕೇಳಿದವರು
ಎದುರಿನವನ ಕೈಯಲ್ಲಿ ಚಾಕು ಇದ್ದರೆ?

ಉತ್ತರ 3
ಆಗ ದೂರ ಕಾಯ್ದುಕೊಳ್ಳಬೇಕು, ಮರೆಯಲ್ಲಿ ನಿಲ್ಲಬೇಕು, ಸಮಯ ತೆಗೆದುಕೊಳ್ಳಬೇಕು. ಮಾತಾಡುವವರು ಒಬ್ಬರೇ ಇರಬೇಕು. ಒಬ್ಬ "ಕೈ ಎತ್ತು", ಇನ್ನೊಬ್ಬ "ಅಲ್ಲಾಡಬೇಡ" ಎಂದು ಕೂಗಿದರೆ ಅವನು ಯಾರ ಮಾತು ಪಾಲಿಸಬೇಕು? ಅಮೆರಿಕದ ಲೂಯಿವಿಲ್‌ನಲ್ಲಿ ಇಂಥ ತರಬೇತಿಯ ನಂತರ ಬಲಪ್ರಯೋಗದ ಘಟನೆಗಳು ಶೇ 28ರಷ್ಟು, ಅಧಿಕಾರಿಗಳಿಗೆ ಆಗುವ ಗಾಯಗಳು ಶೇ 36ರಷ್ಟು ಇಳಿದವು. ದಾಳಿ ಶುರುವಾಗಿಬಿಟ್ಟಿದ್ದರೆ ಮಾತಿಗೆ ಜಾಗವಿಲ್ಲ, ಅದನ್ನೂ ತರಬೇತಿಯಲ್ಲಿ ನೇರವಾಗಿ ಹೇಳಬೇಕು.

ಉತ್ತರ 4
ಅಳತೆಯ ಬಗ್ಗೆ: ದೂರುಗಳ ಸಂಖ್ಯೆ ಇಳಿದರೆ ಖುಷಿಪಡಬೇಡಿ. ನಂಬಿಕೆ ಇಲ್ಲದವರು ದೂರು ಕೊಡುವುದೇ ಇಲ್ಲ. ಸಮವಸ್ತ್ರಕ್ಕೆ ಸಿಕ್ಕಿಸಿದ ಮೈ-ಕ್ಯಾಮೆರಾದ ದೃಶ್ಯಗಳನ್ನು ಅಧಿಕಾರಿ ತಾನೇ ಆರಿಸದಂತೆ ಯಾದೃಚ್ಛಿಕವಾಗಿ ತೆಗೆದು ನೋಡಿ: ಕಾರಣ ಹೇಳಿದರೇ, ಎಷ್ಟು ಸಲ ಮಾತು ತಡೆದರು? ದಂಡ ಕಟ್ಟಿದವರನ್ನೂ ಸಮೀಕ್ಷೆಗೆ ಸೇರಿಸಿ. ತನ್ನ ವಿರುದ್ಧ ತೀರ್ಮಾನವಾದವನೇ "ಪೊಲೀಸರು ನ್ಯಾಯವಾಗಿ ನಡೆದುಕೊಂಡರು" ಅಂದರೆ ಆ ಮಾತಿಗೆ ತೂಕ ಹೆಚ್ಚು.

ಇನ್ನೊಂದು, ಭಾವನೆ ಓದುವ ಜಾಣ್ಮೆಯಿಂದಲೇ ವಿಚಾರಣೆಯಲ್ಲಿ ಸುಳ್ಳು ತಪ್ಪೊಪ್ಪಿಗೆಯನ್ನೂ ಹೊರಡಿಸಬಹುದು. ಹಾಗಾಗಿ ವಿಚಾರಣೆಯ ಪೂರ್ತಿ ರೆಕಾರ್ಡಿಂಗ್ ಮತ್ತು ವಕೀಲರ ನೆರವು ಇಲ್ಲದ ಕಡೆ ಈ ತರಬೇತಿಯೊಂದನ್ನೇ ತರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾನೂನುಬಾಹಿರ ತಪಾಸಣೆಯನ್ನು ಎಷ್ಟು ನಯವಾಗಿ ಮಾಡಿದರೂ ಅದು ಕಾನೂನುಬಾಹಿರವೇ.