ಬಾರ್ಬುಡಾ ಖಾಲಿ ಇಲ್ಲ, ದೊಡ್ಡಪ್ಪ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕೆರಿಬಿಯನ್ ಸಮುದ್ರದ ಬಾರ್ಬುಡಾ ದ್ವೀಪದಲ್ಲಿ ಇವತ್ತು ಒಬ್ಬ ಮನುಷ್ಯನೂ ಇಲ್ಲ!! 300 ವರ್ಷದ ಊರು ಖಾಲಿ!! ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ನಮ್ಮೂರಿನ ಗತಿಯೂ ಇದೇ. ಹುಡುಗರೆಲ್ಲ ಬೆಂಗಳೂರು ಸೇರಿದ್ರು. ಹಿರಿಯರ ನೆಲ ಬಿಟ್ಟವರಿಗೆ ಏಳಿಗೆ ಇಲ್ಲ.

ನಾನು: ದೊಡ್ಡಪ್ಪ, ಇದು ಎಲ್ಲಿಂದ ಬಂತು? ಆ ಸಂಗತಿ 2017ರ ಸೆಪ್ಟೆಂಬರ್‌ದು. ಇರ್ಮಾ ಚಂಡಮಾರುತಕ್ಕೆ ಬಹುತೇಕ ಮನೆ ಹಾಳಾದವು, ಎರಡು ವರ್ಷದ ಮಗು ಹೋಯ್ತು. ಬೆನ್ನಿಗೇ ಇನ್ನೊಂದು ಬರ್ತಿತ್ತು ಅಂತ ಸುಮಾರು 1,600 ಜನರನ್ನೂ ಪಕ್ಕದ ಆಂಟಿಗಾಕ್ಕೆ ಸಾಗಿಸಿದ್ರು. ಆಮೇಲೆ ವಾಪಸ್ ಬಂದು ಮನೆ ಕಟ್ಕೊಂಡಿದ್ದಾರೆ.

ಶ್ರೀಪಾದಣ್ಣ: ಆಂಟಿಗಾ ಅಂದ್ರೆ ರಿಚರ್ಡ್ಸ್ ಊರು! 1983ರ ಫೈನಲ್, ಕಪಿಲ್ ಹಿಂದಕ್ಕೆ ಓಡಿ ಹಿಡಿದ ಕ್ಯಾಚು. ತೋಟದ ಮನೆ ಜಗಲಿ, ಹೊರಗೆ ಜಡಿಮಳೆ. ರೇಡಿಯೋ ಸೆಲ್ಲು ವೀಕಾಗಿ ಅಜ್ಜಿ ಒಲೆಕಟ್ಟೆ ಮೇಲಿಟ್ಟು ಬಿಸಿ ಮಾಡಿ ಕೊಟ್ಟಿದ್ರು.

ಚಿಕ್ಕಪ್ಪ: ಆ ತೋಟ ಮಾರಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಸಾಲ ತೀರಿಸಕ್ಕೆ ಮಾರಿದ್ದು. ರುಜು ಹಾಕಿದ್ದು ನೀನೂ.

ಅತ್ತೆ: ನನ್ನನ್ನು ಒಂದು ಮಾತು ಕೇಳಲಿಲ್ಲ.

ನಾನು: ಅತ್ತೆ, ಅಲ್ಲಿನ ಜಗಳವೂ ನೆಲದ್ದೇ. ಎರಡು ದ್ವೀಪ ಸೇರಿದ್ರೂ ಲಕ್ಷದ ಆಸುಪಾಸು ಜನ ಇರೋ ದೇಶ ಅದು. ಬಾರ್ಬುಡಾದವರು ಹೆಚ್ಚಿನಂಶ ಗುಲಾಮರಾಗಿ ತಂದಿಟ್ಟವರ ಸಂತತಿ. ಜಾಗ ಒಬ್ಬೊಬ್ಬರದ್ದಲ್ಲ, ಇಡೀ ಊರಿಂದು. ಅದಕ್ಕೆ 2007ರಲ್ಲಿ ಕಾನೂನೂ ಆಯ್ತು. ಬಹುಪಾಲು ಜನ ಇನ್ನೂ ಆಂಟಿಗಾದಲ್ಲೇ ಇದ್ದಾಗ ಸರ್ಕಾರ ಆ ಕಾನೂನು ಬದಲಿಸಕ್ಕೆ ಹೊರಟಿತು. ದ್ವೀಪ ಖಾಲಿ ಅಂತ ನಾವೂ ಹಂಚಿದ್ರೆ ಯಾರಿಗೆ ಅನುಕೂಲ?

ದೊಡ್ಡಪ್ಪ: ದೊಡ್ಡವರ ಹತ್ರ ಹೀಗಾ ಮಾತಾಡೋದು? ನಂಗೆ ಕಳಿಸಿದವರು ಬ್ಯಾಂಕಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು.

ತಮ್ಮ: ಅಕ್ಕ ಅರಿಶಿನದ ಮೆಸೇಜಿಗೂ ಮೂಲ ಕೇಳಿದ್ಲು.

ನಾನು: ಕೇಳ್ತೀನಿ. 1964ರಲ್ಲಿ ಲಿಂಗನಮಕ್ಕಿ ನೀರು ಏರಿದಾಗ ಅಜ್ಜ ಹೊಸಿಲು ಕಿತ್ತು ಲಾರಿಗೆ ಹಾಕ್ಕೊಂಡು ಬಂದ್ರಂತೆ. ಅವರಿಗೆ ವಾಪಸ್ ಹೋಗಕ್ಕೆ ಊರೇ ಉಳಿದಿರ್ಲಿಲ್ಲ. ಬಾರ್ಬುಡಾದವರಿಗೆ ಉಳಿದಿದೆ, ಹೋಗಿದ್ದಾರೆ. ಅವರನ್ನ ಇಲ್ಲ ಅನ್ನಬೇಡಿ ದೊಡ್ಡಪ್ಪ.

ದೊಡ್ಡಪ್ಪ: ಆ ಹೊಸಿಲು ಈಗ ಎಲ್ಲಿದೆ?

ಚಿಕ್ಕಪ್ಪ: ನಮ್ಮನೆ ದೇವರ ಕೋಣೆಗೆ ಹಾಕಿದೀನಿ ಅಣ್ಣ. ಫೋಟೋ ಕಳಿಸ್ಲಾ?

ದೊಡ್ಡಪ್ಪ: ಕಳಿಸು. ಕೆತ್ತನೆ ಕಾಣೋ ಹಾಗೆ ತೆಗಿ.