ಥಟ್ ಅಂತ ಹೇಳಿ ನೋಡುವ ಅಪ್ಪನಿಗೆ ಬೆಂಗಳೂರಲ್ಲಿ ಇನ್ನೇನು ತೋರಿಸಲಿ, ಕೇಳಿಸಲಿ?

ವಿಜಯನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪ ಊರು ಬಿಟ್ಟು ನಮ್ಮ ಜೊತೆ ಇರೋಕೆ ಬಂದು ಆರು ತಿಂಗಳಾಯಿತು. ಹಾಸನದ ಕಡೆ ಮೇಷ್ಟ್ರಾಗಿದ್ದವರು. ಇಲ್ಲಿ ಗುರುತಿನವರು ಯಾರೂ ಇಲ್ಲ. ರಾತ್ರಿ ಚಂದನದಲ್ಲಿ ಥಟ್ ಅಂತ ಹೇಳಿ ಶುರುವಾದಾಗ ಮಾತ್ರ ಮುಖದಲ್ಲಿ ಕಳೆ ಬರುತ್ತದೆ. ಅದಕ್ಕೇ ಅಂತ ಇನ್ನೂರು ಪುಟದ ನೋಟ್‌ಬುಕ್ ಇದೆ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನೀಲಿ ಪೆನ್ನಲ್ಲಿ ಉತ್ತರ ಬರೆದಿರುತ್ತಾರೆ, ಸರಿಯಾದರೆ ಕೆಂಪು ಪೆನ್ನಲ್ಲಿ ರೈಟ್, ತಪ್ಪಾದರೆ ಸರಿ ಉತ್ತರ ಬರೆದು ಅದರ ಕೆಳಗೊಂದು ಗೆರೆ. ಅದು ಮುಗಿದರೆ ಟಿವಿ ಆಫ್. ಮಾರನೇ ರಾತ್ರಿವರೆಗೆ ಮಾತು ಕಮ್ಮಿ. ಬೇರೆ ಕ್ವಿಜ್, ಪಾಡ್‌ಕಾಸ್ಟ್, ಸಂಗೀತ, ಏನಾದರೂ ಸರಿ ಹೇಳಿ. ಮಂಡಿ ನೋವಿದೆ, ನೆಲದ ಮೇಲೆ ಕೂರೋಕೆ ಆಗಲ್ಲ.

ಕ್ವಿಜ್ ಹುಚ್ಚ, ಜಯನಗರ:
ನೋಟ್‌ಬುಕ್ ವಿಷಯ ಓದಿ ತುಂಬಾ ಖುಷಿಯಾಯಿತು. 2002ರಲ್ಲಿ ಶುರುವಾದ ಕಾರ್ಯಕ್ರಮ, 3,000 ಕಂತು ದಾಟಿದೆ, ಬಹುಮಾನ ಅಂದರೆ ಪುಸ್ತಕ. ನನಗಂತೂ ಅಂಥದ್ದು ಇನ್ನೊಂದಿಲ್ಲ. ಕನ್ನಡದ ಕೋಟ್ಯಧಿಪತಿ 2012ರಲ್ಲಿ ಬಂದಾಗ ಪುನೀತ್ ಅವರಿಗಾಗಿ ಮನೆಮಂದಿಯೆಲ್ಲ ಕೂತು ನೋಡಿದ್ದೇವೆ, ಆದರೆ ಒಂದು ಪ್ರಶ್ನೆಗೆ ಅಷ್ಟು ಹೊತ್ತು ಕಾಯೋದು ನಿಮ್ಮ ಅಪ್ಪನಿಗೆ ಹಿಡಿಸಲಿಕ್ಕಿಲ್ಲ. ಚಂದನದ ಯೂಟ್ಯೂಬ್‌ನಲ್ಲಿ ಹಳೇ ಕಂತುಗಳಿವೆ. ನೀವೂ ಒಂದು ನೋಟ್‌ಬುಕ್ ತಗೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಸುಮ್ನೆ ಅವರೊಬ್ಬರನ್ನೇ ಬರೆಯೋಕೆ ಬಿಡಬೇಡಿ.

ಕೋಟೆ ಬೀದಿ:
ಕರ್ನಾಟಕ ಸಂಗೀತ ಕಚೇರಿಗೆ ಕರ್ಕೊಂಡು ಹೋಗಿ. ಯಾಕೆ ಅಂತ ಹೇಳುತ್ತೇನೆ. ಆಲಾಪನೆ, ಅಂದರೆ ಕೃತಿಗೆ ಮೊದಲು ಸಾಹಿತ್ಯವಿಲ್ಲದೆ ರಾಗ ಹಾಡೋದು, ಶುರುವಾದ ತಕ್ಷಣ ಸಭೆಯಲ್ಲಿ ಅರ್ಧ ಜನ ಮನಸ್ಸಲ್ಲೇ ರಾಗ ಹುಡುಕುತ್ತಿರುತ್ತಾರೆ. ಷಣ್ಮುಖಪ್ರಿಯಾನಾ, ಸಿಂಹೇಂದ್ರಮಧ್ಯಮಾನಾ? ಒಂದೇ ಒಂದು ಸ್ವರದ ವ್ಯತ್ಯಾಸ, ನಿಷಾದ, ಅಂದರೆ 'ನಿ' ಸ್ವರ, ಬರುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತೇವೆ. ಪಕ್ಕದವರು ಮೆಲ್ಲಗೆ 'ಷಣ್ಮುಖಪ್ರಿಯ ಅಲ್ವಾ ಸ್ವಾಮಿ?' ಅಂತಾರೆ, ಅಲ್ಲಿಗೆ ಪರಿಚಯ ಆಯಿತು. ಅದೂ ಥಟ್ ಅಂತ ಹೇಳೋದೇ. ಕೃತಿ, ರಾಗ, ತಾಳ ಅಂತ ಪುಸ್ತಕದಲ್ಲಿ ಬರೆದುಕೊಳ್ಳುವ ಹಿರಿಯರು ಪ್ರತಿ ಸಭೆಯಲ್ಲೂ ಇರುತ್ತಾರೆ, ನಿಮ್ಮ ಅಪ್ಪ ಅವರ ಪೈಕಿ. ಯುಗಾದಿ ಆದಮೇಲೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮೋತ್ಸವ ಇರುತ್ತದೆ. ಅದನ್ನು ನಡೆಸುವ ಶ್ರೀರಾಮ ಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಚಪ್ಪರದೊಳಗೆ ಕುರ್ಚಿ ಇರುತ್ತದೆ, ಮಂಡಿಗೆ ಚಿಂತೆಯಿಲ್ಲ. ನೀವು ಮೆಟ್ರೋದಲ್ಲೇ ಬನ್ನಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ.

ಮಲ್ಲೇಶ್ವರಂ ಅಜ್ಜಿ:
ಯುಗಾದಿವರೆಗೆ ಕಾಯೋದು ಯಾಕಮ್ಮ? ಕೆ.ಆರ್. ರಸ್ತೆಯ ಗಾಯನ ಸಮಾಜ 1905ರಿಂದ ಇದೆ. ಅಲ್ಲಿಗೇ ಮೊದಲು ಹೋಗಿ. ನಮ್ಮ ಕಡೆ ಚೌಡಯ್ಯ ಹಾಲ್ ಇದೆ, ಕಟ್ಟಡವೇ ಪಿಟೀಲಿನ ಆಕಾರ, ಅಪ್ಪನಿಗೆ ಒಂದು ಸಲ ತೋರಿಸಲೇಬೇಕು. ಪಾಡ್‌ಕಾಸ್ಟ್ ಅಂದರೆ 'ತಲೆ-ಹರಟೆ' ಅನ್ನೋ ಕನ್ನಡ ಪಾಡ್‌ಕಾಸ್ಟ್ ಹಾಕಿ ನೋಡಿ. ಇಯರ್‌ಫೋನ್ ಬೇಡ. ನಾನು ಅಡುಗೆಮನೆಯಲ್ಲಿ ಸಣ್ಣ ಸ್ಪೀಕರ್ ಇಟ್ಟು ಅವರೆಕಾಯಿ ಸುಲಿಯುತ್ತಾ ಕೇಳುತ್ತೇನೆ, ನಡುವೆ ನಿಲ್ಲಿಸಿ ಯಜಮಾನರ ಹತ್ತಿರ ವಾದ ಮಾಡುತ್ತೇನೆ. ಮಾತಾಡುವವರ ಜೊತೆ ನಾವೂ ಮಾತಾಡಿದರೇನೇ ಚೆಂದ.

ವಿಜಯನಗರದ ಮಗಳು:
ಭಾನುವಾರ ಗಾಯನ ಸಮಾಜಕ್ಕೆ ಹೋಗಿ ಬಂದೆವು! ಅಪ್ಪ ನೋಟ್‌ಬುಕ್ಕನ್ನ ಹಿಂದಿನಿಂದ ತೆಗೆದು ಹೊಸ ಪುಟ ಮಾಡಿದರು. ಏಳು ಕೃತಿಯಲ್ಲಿ ನಾಲ್ಕರ ರಾಗ ಅವರೇ ಹಿಡಿದರು. ಉಳಿದ ಮೂರರಲ್ಲಿ ಎರಡನ್ನ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಅಪ್ಪನ ಪೆನ್ನನ್ನೇ ಇಸ್ಕೊಂಡು ಬರೆದುಕೊಟ್ಟರು. ಒಂದರ ಬಗ್ಗೆ ಇಬ್ಬರಿಗೂ ಜಗಳ, ಗೇಟಿನ ತನಕ ಮುಗಿಯಲಿಲ್ಲ. ಮನೆಗೆ ಬಂದ ಮೇಲೂ ಅದೇ ಮಾತು. ಅಪ್ಪ ಇಲ್ಲಿ ಕೇಳು ಅಂದರು, ಕೇಳುತ್ತಿದ್ದೇನೆ: ಆನಂದಭೈರವಿ, ರೀತಿಗೌಳ, ಇವೆರಡನ್ನೂ ಆಲಾಪನೆ ಶುರುವಾದಾಗಲೇ ಬೇರೆ ಮಾಡಿ ಗುರುತಿಸೋದು ಹೇಗೆ?