ಪ್ರಸಾರ ಮಾಧ್ಯಮ ಓದಲು ಕಲಬುರಗಿ ಸಾಕೇ, ಬೆಂಗಳೂರಿಗೇ ಹೋಗಬೇಕೇ?

ಶಹಾಪುರದ ವಿದ್ಯಾರ್ಥಿನಿ:
ಹಿರಿಯರಿಗೆ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರದವಳು; ಕನ್ನಡ ಮಾಧ್ಯಮದಲ್ಲಿ ಬಿಎ ಮುಗಿಸಿದ್ದೇನೆ. ರೇಡಿಯೊ ಮತ್ತು ಡಿಜಿಟಲ್ ಮಾಧ್ಯಮದಲ್ಲಿ ಕೆಲಸ ಮಾಡುವ ಆಸೆಯಿಂದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂಎ ಸೇರಬೇಕೆಂದಿದ್ದೇನೆ. ಚಾನೆಲ್‌ಗಳೆಲ್ಲ ಬೆಂಗಳೂರಿನಲ್ಲಿರುವಾಗ ಇಲ್ಲಿ ಎರಡು ವರ್ಷ ಕಳೆದು ಏನು ಪ್ರಯೋಜನ, ಕಲಿಯಲು ಮೊಬೈಲ್ ಸಾಲದೇ ಎಂದು ಊರಿನಲ್ಲಿ ಹಲವರು ಕೇಳುತ್ತಾರೆ. ನನ್ನ ಮಾತಿನಲ್ಲಿ ನಮ್ಮ ಭಾಗದ ಧಾಟಿ ಎದ್ದು ಕೇಳುವುದು ಅಡ್ಡಿಯಾಗುವುದೇ ಎಂಬ ಅಳುಕೂ ಇದೆ.

ಕಲಬುರಗಿಯ ಧ್ವನಿ ಸಂಕಲನಕಾರ:
ತಂಗಿ, ಪ್ರಸಾರವೆಂಬುದು ನಮ್ಮ ಭಾಗಕ್ಕೆ ಹೊಸತಲ್ಲ. ಕಲಬುರಗಿ ಆಕಾಶವಾಣಿ ಆರಂಭವಾದದ್ದು 1966ರಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ನಿಮ್ಮ ಶಹಾಪುರ ಆಗ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ಹಳ್ಳಿಯ ಜನ ಒಟ್ಟಿಗೆ ಕುಳಿತು ನೋಡಿದ ಆ ಪ್ರಯೋಗದ ಚರಿತ್ರೆಯನ್ನು ಇಲ್ಲಿಯ ವಿದ್ಯಾರ್ಥಿಗಳು ಓದಲೇಬೇಕೆಂದು ನನ್ನ ಆಗ್ರಹ.

ಮೊಬೈಲ್ ಸಾಕೆನ್ನುವವರು ಚಿತ್ರವನ್ನಷ್ಟೇ ನೆನೆಯುತ್ತಾರೆ; ಧ್ವನಿಯನ್ನು ಮರೆಯುತ್ತಾರೆ. ನಾನು ಓದಿದ ಕಡೆ ಸ್ಟುಡಿಯೊ ಬಹುತೇಕ ಬೀಗ ಹಾಕಿಯೇ ಇರುತ್ತಿತ್ತು. ಆದ್ದರಿಂದ ಮೇ ತಿಂಗಳ ಬಿಸಿಲಿನಲ್ಲಿ ಕೋಣೆಯ ಫ್ಯಾನ್ ನಿಲ್ಲಿಸಿ, ಅವ್ವನ ಕೌದಿಯನ್ನು ತಲೆಯ ಮೇಲಿಂದ ಹೊದ್ದು, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕ್ ಹಿಡಿದು ಸುದ್ದಿ ಓದುತ್ತಿದ್ದೆ. ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೆ ಗೋಡೆಗೆ ಬಡಿದು ಮರಳುವ ಸದ್ದನ್ನು ಹಳೆಯ ಸೀರೆಗಳ ಆ ಪದರಗಳು ಹೀರಿಕೊಳ್ಳುತ್ತಿದ್ದುದರಿಂದ ಮಾತು ಸ್ವಚ್ಛವಾಗಿ ಮೂಡುತ್ತಿತ್ತು. ಡಿಜಿಟಲ್ ಧ್ವನಿಮುದ್ರಣದ ಗರಿಷ್ಠ ಮಿತಿಯಾದ ಸೊನ್ನೆ ಡೆಸಿಬೆಲ್ ಮಟ್ಟವನ್ನು ದಾಟಿ ಸೀಳಿದ ಧ್ವನಿಯನ್ನು ಸಂಕಲನದಲ್ಲಿ ಪೂರ್ತಿ ಸರಿಪಡಿಸಲಾಗದೆಂಬುದನ್ನು ನಾನು ತಿಳಿದದ್ದೂ ಅಲ್ಲಿಯೇ.

ಧಾಟಿಯ ಬಗ್ಗೆ ಅಳುಕು ಬೇಡ. ಸುದ್ದಿ ಓದುವಾಗ ಅಲ್ಪಪ್ರಾಣ, ಮಹಾಪ್ರಾಣಗಳು ಸ್ಪಷ್ಟವಾಗಿರಬೇಕು; ಅದು ಅಭ್ಯಾಸದಿಂದ ಬರುತ್ತದೆ. ತೊಗರಿ ಬೆಳೆಗಾರರನ್ನು ಮಾತನಾಡಿಸುವಾಗ ಮಾತ್ರ ನಿಮ್ಮ ಮನೆಮಾತಿನಲ್ಲೇ ಮಾತನಾಡಿ. ಅವರು ಬಾಯಿಬಿಟ್ಟು ಹೇಳುವುದು ಆಗಲೇ.

ಬೀದರ್‌ನಿಂದ:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಸೇರುವ ಮೊದಲು ವಿಭಾಗಕ್ಕೆ ಹೋಗಿ, ಕ್ಯಾಮೆರಾ ಮತ್ತು ಸಂಕಲನದ ಕಂಪ್ಯೂಟರ್ ವಾರಕ್ಕೆ ಎಷ್ಟು ಗಂಟೆ ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಂದು ಈಗ ಓದುತ್ತಿರುವವರನ್ನೇ ವಿಚಾರಿಸಿ. ಸಮುದಾಯ ರೇಡಿಯೊವನ್ನೂ ಗಮನದಲ್ಲಿಡಿ: ಶಿಕ್ಷಣ ಸಂಸ್ಥೆಗಳಿಗೆ 2002ರಲ್ಲೂ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲೂ ಇದಕ್ಕೆ ಅವಕಾಶ ದೊರೆಯಿತು. ಕೆಲವೇ ಕಿಲೋಮೀಟರ್ ಕೇಳುವ ಇಂತಹ ಕೇಂದ್ರದಲ್ಲಿ ಬರೆಯುವುದು, ಓದುವುದು, ಸಂಕಲಿಸುವುದು ಎಲ್ಲವೂ ಒಬ್ಬರ ಪಾಲಿಗೇ ಬರುವುದರಿಂದ ಕಲಿಕೆ ಬೇಗ ಆಗುತ್ತದೆ.

ಶಹಾಪುರದ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಸೋಮವಾರ ಕಲಬುರಗಿಗೆ ಹೋಗಿ ವಿಭಾಗ ನೋಡಿಬರುತ್ತೇನೆ. ಸೈಟ್ ಬಗ್ಗೆ ಅಜ್ಜನನ್ನು ಕೇಳಿದಾಗ, ನಮ್ಮೂರಿಗೆ ಟಿವಿ ಬಂದಿರಲಿಲ್ಲ, ಪಕ್ಕದ ಹಳ್ಳಿಗೆ ನಡೆದುಹೋಗಿ ನೋಡುತ್ತಿದ್ದೆವು ಎಂದರು. ಓಣಿಯ ಹಿಟ್ಟಿನ ಗಿರಣಿ ರಾತ್ರಿ ಎಂಟಕ್ಕೆ ನಿಲ್ಲುತ್ತದೆ; ಆಮೇಲೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ.